ಕುದುರೆಗೆ ಸೀಸ, ಟೈಗರಿಗೆ ಸಲಾಮು

ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಹತ್ತಿದರೆ ಮೂಸಾರಾಂಬಾಗ್, ನ್ಯೂ ಮಾರ್ಕೆಟ್, ಆಮೇಲೆ ಮಲಕ್‌ಪೇಟೆ. ಮಲಕ್‌ಪೇಟೆಯಲ್ಲಿ ನಿಜಾಮರ ಕಾಲದಿಂದ ರೇಸ್‌ಕೋರ್ಸ್ ಇದೆ. ಅಲ್ಲಿ ಸಂಬಳ ಕಳೆದುಕೊಂಡವರ ಕಥೆಗಳನ್ನು ಈ ಊರಿಗೆ ಬಂದ ಮೊದಲ ವರ್ಷವೇ ಕೇಳಿದ್ದೇನೆ, ಹಾಗಾಗಿ ಆ ಜಾಗದ ಮೇಲೆ ನನಗೆ ವಿಶೇಷ ಮಮತೆಯೇನೂ ಇಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಚೆನ್ನಾಗಿ ಓಡುವ ಕುದುರೆಯ ಬೆನ್ನ ಮೇಲೆ ಹೆಚ್ಚು ಭಾರ ಹೇರುತ್ತಾರೆ. ಜಾಕಿಯ ತೂಕ ಸಾಲದಿದ್ದರೆ ಸೀಸದ ತುಂಡುಗಳನ್ನು ಜೀನಿನ ಜೇಬಿಗೆ ತುರುಕುತ್ತಾರೆ. ಗೆದ್ದರೆ ರೇಟಿಂಗ್ ಏರುತ್ತದೆ, ರೇಟಿಂಗ್ ಏರಿದರೆ ಮುಂದಿನ ಸಲ ಇನ್ನಷ್ಟು ಭಾರ. ಈ ಭಾರ ಎಷ್ಟು ಅಂತ ನಿರ್ಧರಿಸುವವನು ಕುದುರೆಯ ಮಾಲೀಕನಲ್ಲ. ಅದಕ್ಕೆಂದೇ ಹ್ಯಾಂಡಿಕ್ಯಾಪರ್ ಅನ್ನುವ ಅಧಿಕಾರಿ ಇರುತ್ತಾನೆ.

ಮೂರು ಸ್ಟೇಷನ್ ಈಚೆಗೆ, ನಮ್ಮ ದಿಲ್‌ಸುಖ್‌ನಗರದ ಟೆರೇಸಿನ ಮೇಲೆ, ಪ್ರತಿ ಭಾನುವಾರ ಸಂಜೆ ಇದರ ತದ್ವಿರುದ್ಧ ನಡೆಯುತ್ತಿದೆ. ಇಲ್ಲಿ ಬಲಿಷ್ಠನಿಗೇ ಬೋನಸ್ಸು. ಆ ನಿಯಮ ಬರೆದವರೂ ಆ ಬಲಿಷ್ಠ ಟ್ಯಾಂಕುಗಳ ಮಾಲೀಕರೇ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮದು ರಿಮೋಟ್ ಟ್ಯಾಂಕುಗಳ ಕಾಳಗದ ಗುಂಪು. ಹೈದರಾಬಾದಿನಲ್ಲಿ ಟ್ಯಾಂಕ್ ಅಂದರೆ ಜನರಿಗೆ ಹುಸೇನ್ ಸಾಗರದ ಟ್ಯಾಂಕ್ ಬಂಡ್ ನೆನಪಾಗುತ್ತದೆ, ನಾನು ಹೇಳುತ್ತಿರುವುದು ಯುದ್ಧದ ಟ್ಯಾಂಕು. ಅಸಲಿಯ ಹದಿನಾರನೇ ಒಂದು ಪಾಲಿನ ಮಾದರಿಗಳು. ಟೈಗರ್ ಆದರೆ ತೋಪಿನ ನಳಿಗೆಯೂ ಸೇರಿ ಅರ್ಧ ಮೀಟರಿಗಿಂತ ತುಸು ಉದ್ದ. ಜಪಾನಿನ ಟಾಮಿಯಾ ಕಂಪನಿ ಈ ಅಳತೆಯ ಶೆರ್ಮನ್ ಟ್ಯಾಂಕನ್ನು 1974ರಲ್ಲೇ ರಿಮೋಟಿನ ಜೊತೆ ಮಾರುಕಟ್ಟೆಗೆ ತಂದಿತ್ತು. ಈಗ ನಮ್ಮಂಥವರ ಕೈಗೆ ಸಿಗುವುದು ಹೆಚ್ಚಾಗಿ ಚೀನಾದ ಹೆಂಗ್ ಲಾಂಗ್ ಮಾದರಿಗಳು. ಗುಂಡಿನ ಬದಲು ಇನ್‌ಫ್ರಾರೆಡ್ ಕಿರಣ, ಟಿವಿ ರಿಮೋಟಿನಲ್ಲಿ ಬರುವಂಥದ್ದೇ. ಪ್ರತಿ ಟ್ಯಾಂಕಿನ ನೆತ್ತಿಯ ಮೇಲೆ ಕಿರಣ ಹಿಡಿಯುವ ಒಂದು ಗುಬುಟು. ಏಟು ಬಿದ್ದರೆ ಟ್ಯಾಂಕು ನಡುಗುತ್ತದೆ, ಏಟು ಹೆಚ್ಚಿದಂತೆ ನಿಧಾನವಾಗುತ್ತದೆ, ಲೆಕ್ಕ ಮುಗಿದ ಮೇಲೆ ಕೂತುಬಿಡುತ್ತದೆ.

ಒಳಗಿನ ಸರ್ಕೀಟಿನಲ್ಲಿ ಟ್ಯಾಂಕನ್ನು ಹಗುರ, ಮಧ್ಯಮ, ಭಾರಿ ಅಂತ ಹೊಂದಿಸಬಹುದು. ಭಾರಿ ಟ್ಯಾಂಕು ಹೆಚ್ಚು ಏಟು ತಡೆಯುತ್ತದೆ, ಆದರೆ ಒಂದು ಸಲ ಹೊಡೆದ ಮೇಲೆ ಮತ್ತೆ ಹೊಡೆಯಲು ಹೆಚ್ಚು ಹೊತ್ತು ಕಾಯಬೇಕು. ಹಗುರದ್ದು ಬೇಗ ಬೇಗ ಹೊಡೆಯುತ್ತದೆ, ಬೇಗ ಸಾಯುತ್ತದೆ. ಕೇಳಿದರೆ ತುಂಬ ನ್ಯಾಯವಾಗಿದೆ ಅನ್ನಿಸುತ್ತದಲ್ಲವೇ? ನಮ್ಮ ಗುಂಪಿನ ಹಿರಿಯರೂ ಹೀಗೇ ಹೇಳುತ್ತಾರೆ. ‘ಬ್ಯಾಲೆನ್ಸ್ ಬೋರ್ಡಿನಲ್ಲೇ ಇದೆ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?’

ತಲೆ ಕೆಡಿಸಿಕೊಳ್ಳೋಣ. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ: ಹಗುರ ಟ್ಯಾಂಕಿಗೆ 4 ಏಟು, 3 ಸೆಕೆಂಡಿಗೊಮ್ಮೆ ಗುಂಡು. ಭಾರಿಗೆ 8 ಏಟು, 6 ಸೆಕೆಂಡಿಗೊಮ್ಮೆ ಗುಂಡು. ಕಾಗದದ ಮೇಲೆ ಇಬ್ಬರೂ ಸಮ. ಹಗುರದ್ದು 8 ಗುಂಡು ಹೊಡೆಯಬೇಕು, ಎಂಟು ಮೂರಲೆ ಇಪ್ಪತ್ತನಾಲ್ಕು. ಭಾರಿಯದ್ದು 4 ಹೊಡೆಯಬೇಕು, ನಾಲ್ಕು ಆರಲೆ ಇಪ್ಪತ್ತನಾಲ್ಕು. ಆದರೆ ಮೊದಲ ಗುಂಡಿಗೆ ಯಾರೂ ಕಾಯುವುದಿಲ್ಲ, ಅದು ಆಗಲೇ ನಳಿಗೆಯಲ್ಲಿದೆ. ಭಾರಿ ಟ್ಯಾಂಕು ನಾಲ್ಕು ಗುಂಡಿನ ನಡುವೆ ಮೂರೇ ಸಲ ಕಾಯುತ್ತದೆ: 18 ಸೆಕೆಂಡು. ಹಗುರದ್ದು ಎಂಟು ಗುಂಡಿನ ನಡುವೆ ಏಳು ಸಲ ಕಾಯುತ್ತದೆ: 21 ಸೆಕೆಂಡು. ಇಬ್ಬರೂ ಗುರಿ ತಪ್ಪದೆ ಹೊಡೆದರೆ ಹಗುರದ್ದು ಮೂರು ಸೆಕೆಂಡು ಮೊದಲೇ ಸತ್ತಿರುತ್ತದೆ. ಅದರ ಮೇಲೆ, ಏಟು ತಿಂದಂತೆಲ್ಲ ನಿಧಾನವಾಗುವ ಶಿಕ್ಷೆ ಬೇರೆ.

‘ಹಾಗಾದರೆ ಗುರಿ ತಪ್ಪಿಸಿಕೊ, ಓಡಾಡು, ಹಗುರ ಟ್ಯಾಂಕು ಇರುವುದೇ ಅದಕ್ಕೆ’ ಅನ್ನುತ್ತಾರೆ. ಸರಿ, ಎಲ್ಲಿ ಓಡಾಡುವುದು? ಈ ವ್ಯವಸ್ಥೆ ರೂಪುಗೊಂಡದ್ದು ಹಿತ್ತಿಲು, ಪಾರ್ಕು, ದೊಡ್ಡ ಹಾಲುಗಳಲ್ಲಿ ಆಡುವವರಿಗೆ. ನಮ್ಮ ರಣರಂಗ ಒಂದು ಹಾಸ್ಟೆಲಿನ ಟೆರೇಸು. ಈ ಊರಿನ ಲೆಕ್ಕದಲ್ಲಿ ನೂರೈವತ್ತು ಗಜ, ಬೆಂಗಳೂರಿನ ಲೆಕ್ಕದಲ್ಲಿ ಮೂವತ್ತು-ನಲವತ್ತಕ್ಕಿಂತ ಒಂಚೂರು ದೊಡ್ಡದು. ಅದರಲ್ಲಿ ನೀರಿನ ಟ್ಯಾಂಕುಗಳು, ಸೋಲಾರ್, ಬಟ್ಟೆ ಒಣಹಾಕುವ ತಂತಿ, ಪೆಂಟ್‌ಹೌಸ್ ಅನ್ನುವ ತಗಡಿನ ಕೋಣೆ ಕಳೆಯಿರಿ. ಉಳಿದದ್ದರಲ್ಲಿ ಎಲ್ಲಿ ನಿಂತರೂ ಎಲ್ಲರಿಗೂ ಕಾಣಿಸುತ್ತೀರಿ. ಸುತ್ತ ಸುಣ್ಣ ಬಳಿದ ಪ್ಯಾರಾಪೆಟ್ ಗೋಡೆ. ಇನ್‌ಫ್ರಾರೆಡ್ ಕಿರಣ ಬಿಳಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಮನೆಯಲ್ಲಿ ಟಿವಿ ರಿಮೋಟನ್ನು ಗೋಡೆಯ ಕಡೆ ತಿರುಗಿಸಿ ಚಾನೆಲ್ ಬದಲಿಸಿ ನೋಡಿ, ಗೊತ್ತಾಗುತ್ತದೆ. ಹೀಗಾಗಿ ಗುರಿ ತಪ್ಪಿದ ಗುಂಡೂ ಗೋಡೆಯಿಂದ ಪುಟಿದು ಯಾರದೋ ನೆತ್ತಿಯ ಗುಬುಟಿಗೆ ತಗಲುತ್ತದೆ. ದಾರಿತಪ್ಪಿದ ಏಟುಗಳು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬಿದ್ದರೆ ಲಾಭ ಯಾರಿಗೆ? ಎಂಟು ಜೀವ ಇದ್ದವನಿಗೆ. ಹೈದರಾಬಾದಿನ ಬಿಸಿಲಿನಲ್ಲಂತೂ ಸೂರ್ಯನ ಇನ್‌ಫ್ರಾರೆಡ್‌ನಲ್ಲೇ ಗುಬುಟು ಕುರುಡಾಗುತ್ತದೆ, ಐದು ಗಂಟೆಗೆ ಮುಂಚೆ ಆಡುವ ಹಾಗಿಲ್ಲ. ಬೋರ್ಡಿನಲ್ಲಿ ಇದೆ ಅನ್ನುವ ಆ ಬ್ಯಾಲೆನ್ಸಿಗೆ ನಮ್ಮ ಟೆರೇಸಿನ ಅಳತೆಯೂ ಗೊತ್ತಿಲ್ಲ, ಸುಣ್ಣವೂ ಗೊತ್ತಿಲ್ಲ.

ಇದನ್ನೆಲ್ಲ ಹೇಳಿದಾಗ ಅವರು ಇತಿಹಾಸ ತೆಗೆಯುತ್ತಾರೆ. ‘ಬಾಸ್, ಟೈಗರ್ ಟೈಗರೇ. ಅಸಲಿ ಯುದ್ಧದಲ್ಲೂ ಹಾಗೇ ಇತ್ತು.’

ಅಸಲಿ ಯುದ್ಧದ ವಿಷಯಕ್ಕೇ ಬರೋಣ. ಟೈಗರ್ 57 ಟನ್ನಿನ ಬಂಡಿ, ಮುಂಭಾಗದಲ್ಲಿ 100 ಮಿಲಿಮೀಟರ್ ಉಕ್ಕು, 88 ಮಿಲಿಮೀಟರಿನ ತೋಪು. ಎದುರಿಗೆ ಬಂದವರು ನಡುಗಿದ್ದು ನಿಜ. ಆದರೆ ಆ ಉಕ್ಕು ಮುಂದುಗಡೆ ಇದ್ದಷ್ಟು ಪಕ್ಕದಲ್ಲಿ, ಹಿಂದೆ ಇರಲಿಲ್ಲ. ಅದಕ್ಕೇ ಸೋವಿಯತ್ ಟಿ-34ಗಳು ಸುತ್ತು ಹಾಕಿ ಮಗ್ಗುಲಿಗೆ ಬರಲು ನೋಡುತ್ತಿದ್ದವು. ನಮ್ಮ ಆಟದಲ್ಲಿ ಕಿರಣ ಹಿಡಿಯುವ ಗುಬುಟು ನೆತ್ತಿಯ ಮೇಲಿದೆ, ಎಲ್ಲ ದಿಕ್ಕಿಗೂ ಒಂದೇ. ಕಷ್ಟಪಟ್ಟು ಹಿಂದೆ ಹೋಗಿ ಹೊಡೆದರೂ ಒಂದೇ ಏಟು, ಮುಂದೆ ನಿಂತು ಹೊಡೆದರೂ ಒಂದೇ ಏಟು. ಅಂದರೆ ಟೈಗರ್‌ನ ಬಲವನ್ನು ಇತಿಹಾಸದಿಂದ ತಂದಿರಿ, ಅದರ ಬೆನ್ನನ್ನು ಅಲ್ಲೇ ಬಿಟ್ಟು ಬಂದಿರಿ.

ಟೈಗರ್ ಒಂದರ ಉತ್ಪಾದನೆ ಒಟ್ಟು ಸುಮಾರು 1,350. ಟಿ-34 ಯುದ್ಧ ಮುಗಿಯುವಷ್ಟರಲ್ಲಿ 50 ಸಾವಿರ ದಾಟಿತ್ತು. ಟೈಗರ್‌ನ ಒಂದರ ಮೇಲೊಂದು ಸೇರಿಕೊಂಡ ಚಕ್ರಗಳ ನಡುವೆ ಕೆಸರು ತುಂಬಿ ಚಳಿಗೆ ಗಟ್ಟಿಯಾಗುತ್ತಿತ್ತು. ಇತಿಹಾಸವೇ ಬೇಕಾದರೆ ಪೂರ್ತಿ ಬರಲಿ: ಒಂದು ಟೈಗರ್ ಇಳಿಸಿದಾಗ ಎದುರಿಗೆ ಟಿ-34ಗಳ ಹಿಂಡು ಇಳಿಯಲಿ. ನಮ್ಮಲ್ಲಿ ಆಗುವುದೇನು? ಹನ್ನೊಂದು ಜನರ ಗುಂಪಿನಲ್ಲಿ ಟೈಗರ್, ಕಿಂಗ್ ಟೈಗರ್ ಸೇರಿ ಆರು. ಬರ್ಲಿನ್ನಿನಲ್ಲೂ ಇಷ್ಟು ಅನುಪಾತ ಇದ್ದಿರಲಿಕ್ಕಿಲ್ಲ.

ದೇಶದ ಉದಾಹರಣೆಯೇ ಬೇಕೆಂದರೆ 1965ರ ಅಸಲ್ ಉತ್ತರ್ ಇದೆ. ಪಂಜಾಬಿನ ಖೇಮ್ ಕರಣ್ ಕ್ಷೇತ್ರಕ್ಕೆ ನುಗ್ಗಿದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆ ಕಾಲಕ್ಕೆ ಅಜೇಯ ಅಂತ ಹೆಸರಾಗಿದ್ದವು. ನಮ್ಮವರು ಹೊಲಗಳಿಗೆ ನೀರು ಬಿಟ್ಟರು, ಕಬ್ಬಿನ ಗದ್ದೆಯ ಮರೆಯಲ್ಲಿ ಕಾದರು. ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿಗೆ ಕೂಡಿಸಿದ 106 ಮಿಲಿಮೀಟರಿನ ರಿಕಾಯ್ಲೆಸ್ ತೋಪಿನಿಂದ ಒಂದಾದ ಮೇಲೊಂದು ಪ್ಯಾಟನ್ ಉರುಳಿಸಿ ಅಲ್ಲೇ ಪ್ರಾಣ ಬಿಟ್ಟರು. ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಸಿಕ್ಕ ಪ್ಯಾಟನ್‌ಗಳನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರಾಯಿತು. ಜೀಪು, ಸ್ವಾಮಿ! ತಗಡಿನ ಜೀಪು. ನಮ್ಮ ಗುಂಪಿನ ನಿಯಮದಲ್ಲಿ ಜೀಪಿಗೆ ಪ್ರವೇಶವೇ ಇಲ್ಲ. ‘ಟ್ಯಾಂಕ್ ಅಲ್ಲದ್ದು ಬೇಡ’ ಅನ್ನುವುದು ಎರಡನೇ ನಿಯಮ. ಮರೆಯಾಗಲು ಕಬ್ಬಿನ ಗದ್ದೆ ಬೇಡ, ನಾಲ್ಕು ರಟ್ಟಿನ ಡಬ್ಬಿ ಇಡೋಣ ಅಂದರೆ ‘ನೋಡಲು ಚೆನ್ನಾಗಿರುವುದಿಲ್ಲ’ ಅಂತ ಉತ್ತರ.

ಈ ಜಗಳ ನಮ್ಮ ಟೆರೇಸಿನಲ್ಲೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ರಿಮೋಟ್ ಯುದ್ಧನೌಕೆಗಳ ಕಾಳಗದ ಹವ್ಯಾಸ 1970ರ ದಶಕದಿಂದಲೂ ಇದೆ. 1/144 ಅಳತೆಯ ನೌಕೆಗಳು, ಬಾಲ್ಸಾ ಮರದ ತೆಳು ಮೈ, ಕೆರೆಯಲ್ಲಿ ನಿಜವಾದ ಉಕ್ಕಿನ ಗೋಲಿ ಹೊಡೆದು ಮುಳುಗಿಸುತ್ತಾರೆ. ಅವರಲ್ಲಿ ಈ ಪ್ರಶ್ನೆಯ ಮೇಲೆಯೇ ಎರಡು ಪಂಥ. ಬಿಗ್ ಗನ್ ಪಂಥದವರು ಇತಿಹಾಸವಾದಿಗಳು: ಅಸಲಿ ನೌಕೆಯ ತೋಪು ದೊಡ್ಡದಿದ್ದರೆ ಗೋಲಿಯೂ ದೊಡ್ಡದು, ಕವಚ ದಪ್ಪವಿದ್ದರೆ ಬಾಲ್ಸಾವೂ ದಪ್ಪ. ಫಾಸ್ಟ್ ಗನ್ ಪಂಥದವರು ಆಟವಾದಿಗಳು: ಗೋಲಿ ಎಲ್ಲರದ್ದೂ ಒಂದೇ, ಬಾಲ್ಸಾ ಎಲ್ಲರದ್ದೂ ಒಂದೇ ದಪ್ಪ. ನೌಕೆಯ ವರ್ಗಕ್ಕೆ ತಕ್ಕಂತೆ ಇಷ್ಟು ಯೂನಿಟ್ ಅಂತ ಕೊಡುತ್ತಾರೆ. ಅದನ್ನು ತೋಪಿಗೆ ಖರ್ಚು ಮಾಡುತ್ತೀರೋ ನೀರು ಹೊರಹಾಕುವ ಪಂಪಿಗೋ ನಿಮಗೆ ಬಿಟ್ಟದ್ದು. ವೇಗವನ್ನು ‘ನನ್ನದು ಒರಿಜಿನಲ್ ಮೋಟರ್’ ಅನ್ನುವ ಮಾತಿನ ಮೇಲೆ ನಂಬುವುದಿಲ್ಲ. 100 ಅಡಿಗೆ ಇಷ್ಟು ಸೆಕೆಂಡು ಅಂತ ವರ್ಗವಾರು ಮಿತಿ ಇದೆ, ನೀರಿಗೆ ಬಿಟ್ಟು ಗಡಿಯಾರ ಹಿಡಿದು ನೋಡುತ್ತಾರೆ.

ನನಗೆ ಎರಡೂ ಪಂಥ ಒಪ್ಪಿಗೆ. ಎರಡರಲ್ಲೂ ಒಂದು ತತ್ತ್ವ ಇದೆ, ಅದಕ್ಕೆ ಅವರು ಕೊನೆಯವರೆಗೂ ಕಟ್ಟುಬೀಳುತ್ತಾರೆ. ನಮ್ಮವರು ಕವಚದ ವಿಷಯದಲ್ಲಿ ಇತಿಹಾಸವಾದಿಗಳು, ಸಂಖ್ಯೆಯ ವಿಷಯದಲ್ಲಿ ಆಟವಾದಿಗಳು, ವೇಗದ ವಿಷಯದಲ್ಲಿ ಏನೂ ವಾದಿಗಳಲ್ಲ. ಮೂಲ 7.2 ವೋಲ್ಟಿನ ಬ್ಯಾಟರಿ ತೆಗೆದು 11.1 ವೋಲ್ಟಿನ ಲಿಥಿಯಂ ಹಾಕಿದರೆ ಮೋಟರ್ ಅದೇ ಆದರೂ ಓಟ ಬೇರೆಯಾಗುತ್ತದೆ ಅನ್ನುವುದು ಪಿಯುಸಿ ಓದಿದವರಿಗೂ ಗೊತ್ತು. ಕಿಂಗ್ ಟೈಗರ್ ಹಗುರ ಟ್ಯಾಂಕಿನ ಬೆನ್ನಟ್ಟಿ ಹಿಡಿಯುವ ದೃಶ್ಯವನ್ನು ನಾನು ನಮ್ಮ ಟೆರೇಸಿನಲ್ಲೇ ನೋಡಿದ್ದೇನೆ. ಅವತ್ತು ಯಾರೂ ಇತಿಹಾಸದ ಮಾತೆತ್ತಲಿಲ್ಲ.

ನಿಯಮ ಬರೆದರೆ ಅದರ ಸಂದಿಯಲ್ಲಿ ನುಗ್ಗುವವರು ಇದ್ದೇ ಇರುತ್ತಾರೆ, ನಿಜ. ಅಮೆರಿಕದ ಬ್ಯಾಟಲ್‌ಬಾಟ್ಸ್ ರೋಬೋ ಕಾಳಗದಲ್ಲಿ ಚಕ್ರದ ಬದಲು ಕಾಲಿನಿಂದ ನಡೆಯುವ ಯಂತ್ರಗಳಿಗೆ ಹೆಚ್ಚುವರಿ ತೂಕದ ರಿಯಾಯಿತಿ ಇತ್ತು, ಏಕೆಂದರೆ ಕಾಲು ಮಾಡುವುದು ಕಷ್ಟ. 2001ರಲ್ಲಿ ಸನ್ ಆಫ್ ವಾಯಾಚಿ ಅನ್ನುವ ಯಂತ್ರ ಕಾಲಿನ ಹೆಸರಿನಲ್ಲಿ ತೆವಳುವ ಒಂದು ಜಾಣ ವ್ಯವಸ್ಥೆ ಮಾಡಿಕೊಂಡು, ಸಿಕ್ಕ ತೂಕವನ್ನೆಲ್ಲ ಆಯುಧಕ್ಕೆ ಸುರಿದು, ಹೆವಿವೇಟ್ ಪ್ರಶಸ್ತಿ ಹೊಡೆಯಿತು. ಸಂಘಟಕರು ಪ್ರಶಸ್ತಿ ಕಿತ್ತುಕೊಳ್ಳಲಿಲ್ಲ, ಆ ರಿಯಾಯಿತಿಯ ನಿಯಮ ಬದಲಿಸಿದರು. ನಮ್ಮಲ್ಲಿ ನಿಯಮ ಬದಲಿಸೋಣ ಅಂದರೆ ಎರಡು ವರ್ಷದ ಹಿಂದಿನ ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ಬರುತ್ತದೆ, ಶಾಸನದ ಹಾಗೆ.

ನಮ್ಮ ಊರುಗಳಲ್ಲಿ ಇದನ್ನು ಬಗೆಹರಿಸಲು ಯಾರೂ ಇಂಜಿನಿಯರಿಂಗ್ ಓದಿರಲಿಲ್ಲ. ಕಂಬಳದಲ್ಲಿ ಹಗ್ಗ, ನೇಗಿಲು ಎರಡರಲ್ಲೂ ಹಿರಿಯ ಕಿರಿಯ ಅಂತ ಬೇರೆ ಬೇರೆ ವಿಭಾಗ. ಕನೆಹಲಗೆಯಲ್ಲಂತೂ ಯಾರು ಮೊದಲು ಮುಟ್ಟಿದರು ಅನ್ನುವುದು ಲೆಕ್ಕಕ್ಕೇ ಇಲ್ಲ, ನೀರು ನಿಶಾನೆಯ ಬಟ್ಟೆಗೆ ಎಷ್ಟು ಎತ್ತರಕ್ಕೆ ಚಿಮ್ಮಿತು ಅನ್ನುವುದೇ ಗೆಲುವು. ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ತೂಕ, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಅಂತ ಕೂಡಿಸುವವರು ಹಳೆಯ ಪೈಲ್ವಾನರು. ಅವತ್ತು ಮಟ್ಟಿಗೆ ಇಳಿಯುವವರು ತಮ್ಮ ಜೋಡಿಯನ್ನು ತಾವೇ ಆರಿಸಿಕೊಳ್ಳುವುದಿಲ್ಲ. ಇದರ ಮುಂದೆ ನಮ್ಮ ಗುಂಪಿನ ‘ಕೋರ್ ಕಮಿಟಿ’ಯನ್ನು ನೋಡಿ. ಮೂವರು ಸದಸ್ಯರು, ಮೂರೂ ಟೈಗರ್.

ಈಗ ಯಾಕೆ ಬರೆಯುತ್ತಿದ್ದೇನೆ ಅಂತ ಕೇಳಬಹುದು. ಬೀದರ್ ಕಡೆಯ ಒಬ್ಬ ಹುಡುಗ ಬರುವುದನ್ನು ನಿಲ್ಲಿಸಿದ್ದಾನೆ. ಚೈತನ್ಯಪುರಿಯ ಹಾಸ್ಟೆಲಿನಲ್ಲಿ ಐದು ಜನರ ರೂಮಿನಲ್ಲಿದ್ದುಕೊಂಡು ಪರೀಕ್ಷೆಗೆ ಓದುವವನು. ಟ್ಯಾಂಕು ಕೊಳ್ಳುವ ಶಕ್ತಿ ಅವನಿಗಿಲ್ಲ. ಕೋಠಿಯ ಗುಜರಾತಿ ಗಲ್ಲಿ ಸುತ್ತಿ ಗೇರ್ ಮೋಟರು, ಕಿರಣ ಹಿಡಿಯುವ ಮೂರು ಕಾಲಿನ ಪುಟ್ಟ ರಿಸೀವರು, ಒಂದು ಆರ್ಡುಯಿನೊ ಬೋರ್ಡು ತಂದು, ಪಿವಿಸಿ ಹಾಳೆ ಕತ್ತರಿಸಿ ಮೂರು ತಿಂಗಳಲ್ಲಿ ಒಂದು ಬಂಡಿ ಕಟ್ಟಿದ್ದ. ನಮ್ಮ ಬೋರ್ಡುಗಳ ಕಿರಣದ ಸಂಕೇತವನ್ನು ಓದಿ ಅರ್ಥ ಮಾಡಿಕೊಂಡು ತನ್ನ ಬಂಡಿಯೂ ಸರಿಯಾಗಿ ಏಟು ತಿನ್ನುವಂತೆ ಪ್ರೋಗ್ರಾಂ ಬರೆದಿದ್ದ. ನಮ್ಮಲ್ಲಿ ಸಾಫ್ಟ್‌ವೇರಿನ ಕೆಲಸ ಮಾಡುವವರು ಏಳು ಜನ, ಆ ಕೆಲಸ ಇನ್ನೊಬ್ಬರಿಂದ ಆಗುತ್ತಿತ್ತೇ ಅಂತ ನನಗೆ ಅನುಮಾನ. ಅವನಿಗೆ ಸಿಕ್ಕ ತೀರ್ಪು ಏನು ಗೊತ್ತೇ? ‘ಯಾವ ಅಸಲಿ ಟ್ಯಾಂಕಿನ ಮಾದರಿಯೂ ಅಲ್ಲ, ಹಾಗಾಗಿ ಹಗುರ ವರ್ಗ.’ ಎರಡು ಭಾನುವಾರ ಬಂದ. ಎರಡೂ ದಿನ ಮೊದಲ ಅರ್ಧ ನಿಮಿಷದಲ್ಲೇ ಕೂತ. ಉಳಿದ ಹೊತ್ತು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ನಮ್ಮ ಆಟ ನೋಡಿದ. ಮೂರನೇ ಭಾನುವಾರ ಟೆಸ್ಟ್ ಇದೆ ಅಂದ. ಆಮೇಲೆ ಏನೂ ಅನ್ನಲಿಲ್ಲ.

ಅವನು ಜಗಳ ಆಡಲಿಲ್ಲ ಅನ್ನುವುದನ್ನೇ ಕೆಲವರು ನಿಯಮ ಸರಿ ಇದೆ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದಾರೆ. ಪರವೂರಿಗೆ ಬಂದು ಕಾಟ್ ಬಾಡಿಗೆಗೆ ಇರುವವನು ಜಗಳ ಆಡುವುದಿಲ್ಲ, ಬರುವುದನ್ನು ಬಿಡುತ್ತಾನೆ. ಇದು ಈ ಪತ್ರಿಕೆ ಓದುವವರಿಗೆ ವಿವರಿಸಬೇಕಾದ ವಿಷಯವಲ್ಲ.

‘ದುಡ್ಡು ಹಾಕಿದವನಿಗೆ ಸ್ವಲ್ಪ ಅನುಕೂಲ ಇರಲಿ ಬಿಡಿ’ ಅನ್ನುವ ವಾದ ಒಂದಿದೆ. ಇರಲಿ. ಲೋಹದ ಗೇರು ಸವೆಯುವುದಿಲ್ಲ, ಲೋಹದ ಪಟ್ಟಿ ಕಳಚುವುದಿಲ್ಲ, ಬಣ್ಣ ಚೆನ್ನಾಗಿರುತ್ತದೆ, ಸದ್ದು ಚೆನ್ನಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ದುಡ್ಡಿಗೆ ಸಿಗಬೇಕಾದದ್ದೆಲ್ಲ ಸಿಕ್ಕಿದೆ. ಅದರ ಮೇಲೆ ನಾಲ್ಕು ಜೀವವನ್ನೂ ಸೇರಿಸಿ ಕೊಡುವುದು ಯಾವ ನ್ಯಾಯ? ಇನ್ನೊಂದು ವಾದ ಗಟ್ಟಿಯಾದದ್ದು, ಅದನ್ನು ಮಲಕ್‌ಪೇಟೆಯ ಉದಾಹರಣೆಯ ವಿರುದ್ಧವೇ ಎತ್ತುತ್ತಾರೆ: ಗೆದ್ದವನಿಗೆ ಭಾರ ಹೇರಿದರೆ ಕೌಶಲಕ್ಕೆ ಶಿಕ್ಷೆ ಕೊಟ್ಟಂತಲ್ಲವೇ? ಹೌದು, ಅದರಲ್ಲಿ ಸತ್ಯ ಇದೆ. ಕುದುರೆ ಚೆನ್ನಾಗಿದೆಯೋ ಜಾಕಿ ಚೆನ್ನಾಗಿದ್ದಾನೋ ಅಂತ ಸೀಸದ ತುಂಡಿಗೆ ಗೊತ್ತಾಗುವುದಿಲ್ಲ. ಆದರೆ ನಮಗೆ ಅದನ್ನು ಪತ್ತೆ ಮಾಡುವ ಸುಲಭ ದಾರಿ ಇದೆ. ಒಂದು ಸುತ್ತು ಆದ ಮೇಲೆ ರಿಮೋಟ್ ಬದಲಿಸಿಕೊಳ್ಳೋಣ. ಟೈಗರ್‌ನವನು ಪಿವಿಸಿ ಬಂಡಿ ಓಡಿಸಲಿ, ಪಿವಿಸಿಯವನು ಟೈಗರ್ ಓಡಿಸಲಿ. ಆಗಲೂ ಅದೇ ಮನುಷ್ಯ ಗೆದ್ದರೆ ನಾನೇ ಕ್ಯಾಪ್ ತೆಗೆಯುತ್ತೇನೆ. ಈ ಸಲಹೆಯನ್ನು ಎರಡು ಸಲ ಗುಂಪಿನಲ್ಲಿ ಹಾಕಿದೆ. ಒಂದು ಸಲ ಹೆಬ್ಬೆರಳಿನ ಚಿತ್ರ ಬಂತು, ಇನ್ನೊಂದು ಸಲ ‘ಗೇರ್ ಹೋದರೆ ಯಾರು ಕೊಡ್ತಾರೆ’ ಅಂತ ಬಂತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಟ್ಯಾಂಕಿಗೆ ಬದಲು ಪಕ್ಷಕ್ಕೆ ಅಂಕ ಕೊಡಿ: ಎರಡೂ ಕಡೆಗೂ ಒಂದೇ ಮೊತ್ತ, ಅದರಲ್ಲಿ ಭಾರಿ ಟ್ಯಾಂಕು ದುಬಾರಿ, ಹಗುರದ್ದು ಅಗ್ಗ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಎರಡು ಹಗುರ ಟ್ಯಾಂಕು ಸೇರಿ ಒಂದು ಭಾರಿಯನ್ನು 9 ಸೆಕೆಂಡಿನಲ್ಲಿ ಕೂರಿಸುತ್ತವೆ, ಅಷ್ಟರಲ್ಲಿ ಆ ಭಾರಿ ಎರಡೇ ಗುಂಡು ಹೊಡೆದಿರುತ್ತದೆ. ಅಂದರೆ ಒಂದಕ್ಕೆ ಎರಡು ಅನ್ನುವುದು ಟೈಗರ್‌ನವರಿಗೆ ಅನ್ಯಾಯ, ಒಂದಕ್ಕೆ ಒಂದು ಅನ್ನುವುದು ಉಳಿದವರಿಗೆ ಅನ್ಯಾಯ. ಸರಿಯಾದ ಬೆಲೆ ನಡುವೆ ಎಲ್ಲೋ ಇದೆ, ಅದನ್ನು ನಾಲ್ಕು ಭಾನುವಾರ ಆಡಿ ಬರೆದಿಟ್ಟುಕೊಂಡೇ ಹುಡುಕಬೇಕು. ವೋಲ್ಟೇಜಿಗೆ ಮಿತಿ ಹಾಕಿ. ಹತ್ತು ಅಡಿ ಟೇಪು ಎಳೆದು ಓಟ ಅಳೆಯಿರಿ. ಮನೆಯಲ್ಲಿ ಕಟ್ಟಿದ ಬಂಡಿಗೆ ಅದರ ಅಳತೆ, ಓಟ ನೋಡಿ ವರ್ಗ ಕೊಡಿ, ಅಸಲಿ ಹೆಸರು ಕೇಳಬೇಡಿ. ಗೋಡೆಗೆ ಹಳೆಯ ಕಪ್ಪು ಬೆಡ್‌ಶೀಟು ಕಟ್ಟಿ ನೋಡಿ, ಪುಟಿಯುವ ಕಿರಣ ಎಷ್ಟು ಕಡಿಮೆಯಾಗುತ್ತದೆ ಅಂತ. ಅಂಕ ನಿಗದಿ ಮಾಡುವವನು ಆ ತಿಂಗಳು ಆಡಬಾರದು. ಯಾರೂ ಒಪ್ಪದಿದ್ದರೆ ಮೊದಲ ತಿಂಗಳು ನಾನೇ ಆಟ ಬಿಟ್ಟು ಕೂರುತ್ತೇನೆ, ನನ್ನ ಶೆರ್ಮನ್ ಯಾರು ಬೇಕಾದರೂ ಓಡಿಸಲಿ.

ಮುಂದಿನ ಭಾನುವಾರ ಐದೂವರೆಗೆ ಸ್ಟಾಪ್‌ವಾಚು, ಮಲ್ಟಿಮೀಟರು, ಎರಡು ಕಪ್ಪು ಬೆಡ್‌ಶೀಟು ನಾನು ತರುತ್ತೇನೆ. ಬೀದರಿನ ಹುಡುಗನಿಗೂ ಫೋನ್ ಮಾಡಿದ್ದೇನೆ, ಟೆಸ್ಟ್ ಮುಗಿದಿದೆಯಂತೆ, ಬಂಡಿಯ ಒಂದು ಮೋಟರ್ ಮಾತ್ರ ಬದಲಿಸಬೇಕಂತೆ. ಅವನ ಕೈಗೆ ಟೈಗರ್ ರಿಮೋಟ್ ಯಾರು ಕೊಡುತ್ತೀರಿ ಅನ್ನುವುದನ್ನು ಕೋರ್ ಕಮಿಟಿ ಶನಿವಾರದೊಳಗೆ ಗುಂಪಿನಲ್ಲಿ ತಿಳಿಸಲಿ.